ದಿಲ್ಲಿಯಿಂದ ತರಿಸಿದ ಸ್ಪೋರ್ಟ್ಸ್ ಕಾರು

ದಿಲ್ಲಿಯ ಡೀಲರ್ ಒಬ್ಬನಿಂದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಫೋನಿನಲ್ಲಿ ನೋಡಿಯೇ ಕೊಂಡಿದ್ದೆ. ಅಂದಿನಿಂದ ಗ್ರಾಂಟ್ ರೋಡಿನ ನಮ್ಮ ಹೋಟೆಲಿನ ಗಲ್ಲಾದಲ್ಲಿ ನೆಮ್ಮದಿಯಾಗಿ ಕೂರಲಾಗಲಿಲ್ಲ. ಕಾರನ್ನು ಲಾರಿಗೆ ಏರಿಸುವವರೆಗೂ ದಿನವೂ ಅವನಿಗೆ ಫೋನ್ ಮಾಡಿ ಎಂಜಿನ್ ಚಾಲೂ ಮಾಡಿಸುತ್ತಿದ್ದೆ. ಗಿರಾಕಿಗಳ ಗದ್ದಲದಲ್ಲಿ ಕೇಳಿಸದೆಂದು ಅಕ್ಕಿಮೂಟೆಗಳ ಕೋಣೆಗೆ ಹೋಗಿ ಕಿವಿಗೊಡುತ್ತಿದ್ದೆ. ಒಂದು ಬೆಳಿಗ್ಗೆ ಹೆಂಡತಿಯೂ ಆ ಸದ್ದಿಗೆ ಕಿವಿಗೊಟ್ಟಳು.

"ಇದೆಂಥದು ಮಾರಾಯ್ರೆ, ನಮ್ಮ ಗ್ರೈಂಡರಿನ ಹಾಗೇ ಉಂಟಲ್ಲ!"

ನನಗೆ ನಗು ಬರಲಿಲ್ಲ.

ಕಾರು ಕುರ್ಲಾದಲ್ಲಿ ಇಳಿದ ದಿನ ಇಬ್ಬರೂ ಹೋದೆವು. "ಚಂದ ಉಂಟು," ಎನ್ನುತ್ತ ಅವಳು ಪಕ್ಕದ ಸೀಟಿನಲ್ಲಿ ಕೂತಳು. ಪರೇಲ್ ಮುಟ್ಟುವಷ್ಟರಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಅವಳಿಗೆ ನಿದ್ದೆ ಹತ್ತಿತ್ತು. ನಾನು ಮಾತ್ರ ಎ.ಸಿ. ಆರಿಸಿ, ಎಲ್ಲೋ ಕಟಕಟ ಎಂದಿತೇ ಎಂದು ಬೆವರುತ್ತ ಆಲಿಸುತ್ತಿದ್ದೆ.