ಮೋಟೆಬೆನ್ನೂರಿನ ಗೋಡೌನಿನ ಬ್ಯಾಂಡು

ರಾಣೆಬೆನ್ನೂರಿನಲ್ಲಿ ನನ್ನದು ಬೀಜದ ಅಂಗಡಿ. ಮದುವೆ ಸೀಜನ್ನಿನಲ್ಲಿ ಮಾತ್ರ ನಾನು ಗಿಟಾರ್ ವಾದಕ. ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ನುಡಿಸಿ ಹೆಸರು ಮಾಡಿದ್ದೇನೆ. ಬೇರೆಯವರು ಹೇಳದಿದ್ದರೆ ನಾನೇ ಹೇಳಿಕೊಳ್ಳುತ್ತೇನೆ. ಹೋದ ವರ್ಷ ಗಿರಾಕಿ ಇಲ್ಲದ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಹೊರದೇಶದ ಬ್ಯಾಂಡೊಂದರ ಬ್ಲೂಸ್ ರಾಕ್ ಹಾಡು ಕೇಳಿದೆ. ಬೇರೆ ಬೇರೆ ಬ್ಯಾಂಡುಗಳಲ್ಲಿ ಆಗಲೇ ದೊಡ್ಡವರಾದವರು ಒಂದಾಗಿ ಕಟ್ಟಿದ್ದಂತೆ ಅದು. ಅಂಥದ್ದಕ್ಕೆ ಸೂಪರ್‌ಗ್ರೂಪ್ ಎನ್ನುತ್ತಾರಂತೆ. ಹಾಡು ಮುಗಿಯುವಷ್ಟರಲ್ಲಿ ನನ್ನ ತಲೆಗೆ ಹುಳ ಹೊಕ್ಕಿತ್ತು.

ಮೊದಲು ಹಾವೇರಿಗೆ ಹೋದೆ. ಅಲ್ಲಿಯ ಡ್ರಮ್ಮಿನ ಕಾಕಾ ಬಸ್ಸು ಓಡಿಸಿ ನಿವೃತ್ತರಾದವರು, ನಮ್ಮ ಎದುರಾಳಿ ಆರ್ಕೆಸ್ಟ್ರಾದ ಹುಲಿ. ಸೂಪರ್‌ಗ್ರೂಪ್ ಅಂದರೇನು ಎಂದು ಕೇಳಿದರು.

"ಬ್ಯಾರೆ ಬ್ಯಾರೆ ಮನಿ ಹಿರ್ಯಾರೆಲ್ಲಾ ಒಂದ ಮನ್ಯಾಗ ಕೂಡಿದಂಗ್ರಿ ಕಾಕಾ."

"ಹಂಗಾರ ನೀರು ತರಾವ್ರು ಯಾರು?"

ನಾನೇ ತರುತ್ತೇನೆ ಎಂದ ಮೇಲೆ ಒಪ್ಪಿದರು.

ಇನ್ನು ಹಾಡುವವರು ಬೇಕಿತ್ತು. ಬ್ಯಾಡಗಿಯ ಅಕ್ಕ ನೆನಪಾದರು. ಒಂದು ಕಾಲಕ್ಕೆ ಅವರು ಹಾಡಲು ನಿಂತರೆ ಮುನಿಸಿಕೊಂಡ ಬೀಗರೂ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಮನೆಯವರದು ಮೆಣಸಿನಕಾಯಿ ವ್ಯಾಪಾರ. ವರ್ಷಗಟ್ಟಲೆ ಅಂಗಡಿಯಲ್ಲಿ ಕೂತು ಘಾಟು ಕುಡಿದು ಅಕ್ಕನ ಗಂಟಲು ಒರಟಾಯಿತು. ಮೇಲಿನ ಸ್ವರಕ್ಕೆ ಹೋದರೆ ದನಿ ಒಡೆಯುತ್ತಿತ್ತು. ಅವರ ಆರ್ಕೆಸ್ಟ್ರಾದ ಮಾಲೀಕರು ಒಂದು ಮಾತೂ ಹೇಳದೆ ಫೋನ್ ಮಾಡುವುದನ್ನು ನಿಲ್ಲಿಸಿದರು. ಅಂದಿನಿಂದ ಅಕ್ಕ ಮನೆಯಲ್ಲಿ ಆರತಿಗೂ ಹಾಡುತ್ತಿರಲಿಲ್ಲ. ಆ ಮಾಲೀಕರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

"ತಮ್ಮಾ, ನನ್ನ ದನಿ ಹರದ ಚೀಲ ಆಗೇತಿ," ಎಂದರು ಅಕ್ಕ.

"ಈ ಹಾಡಿಗೆ ಹರದದ್ದ ಬೇಕ್ರಿ ಅಕ್ಕಾರ," ಎಂದು ಮೊಬೈಲು ಮುಂದೆ ಹಿಡಿದೆ.

ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಇಂವಾನೂ ಮೆಣಸಿನಕಾಯಿ ಮಾರ್ತಾನೇನು?" ಎಂದರು. ಬರುತ್ತಾರೆ ಎಂದು ನನಗೆ ಆಗಲೇ ಗೊತ್ತಾಯಿತು.

ಮೂರೂ ಊರಿಗೆ ಅನುಕೂಲವೆಂದು ಮೋಟೆಬೆನ್ನೂರು ಆರಿಸಿಕೊಂಡೆವು. ಅಲ್ಲಿ ಹೈವೇ ಪಕ್ಕದಲ್ಲೇ ಕಾಕಾನ ಅಳಿಯನ ಗೋವಿನಜೋಳದ ಗೋಡೌನಿತ್ತು. ರವಿವಾರ ಮಧ್ಯಾಹ್ನ ಚೀಲಗಳ ಮೇಲೆ ಕೂತು ನಮ್ಮ ಅಭ್ಯಾಸ. ಬ್ಲೂಸಿನ ಗುಟ್ಟು ಅಕ್ಕನಿಗೆ ಒಂದೇ ದಿನಕ್ಕೆ ತಿಳಿಯಿತು: ಒಂದು ಸಾಲು ಹಾಡಬೇಕು, ಅದನ್ನೇ ಮತ್ತೊಮ್ಮೆ ಹಾಡಬೇಕು, ಮೂರನೆಯ ಸಾಲಿನಲ್ಲಿ ಉತ್ತರ ಕೊಡಬೇಕು. "ನಮ್ಮವ್ವ ಬೀಸುವಾಗ ಹಿಂಗ ಹಾಡತಿದ್ಲು," ಎಂದು ತಾವೇ ಪದ ಕಟ್ಟಿದರು:

ಬಣ್ಣ ನಿಮಗ ಕೊಟ್ಟೆ, ಘಾಟು ನನಗ ಇಟ್ಕೊಂಡೆ,
ಬಣ್ಣ ನಿಮಗ ಕೊಟ್ಟೆ, ಘಾಟು ನನಗ ಇಟ್ಕೊಂಡೆ,
ಕೆಂಪು ನೋಡಿ ಬಂದವರ, ಕೆಮ್ಮು ಕೇಳಿ ಹೋದಿರಿ.

ಹಾಡು ಸಿಕ್ಕಿತು, ಆದರೆ ಅದನ್ನು ಶುರು ಮಾಡುವವರು ಸಿಗಲಿಲ್ಲ. ನಮ್ಮ ಕಡೆ ಮೂವರು ಹಿರಿಯರು ಊಟಕ್ಕೆ ಕೂತರೆ ಅನ್ನ ಆರಿದರೂ ಯಾರೂ ಮೊದಲ ತುತ್ತು ಎತ್ತುವುದಿಲ್ಲ. ಗೋಡೌನಿನಲ್ಲೂ ಅದೇ ಕಥೆ. "ನೀವು ಸುರು ಮಾಡ್ರಿ." "ಛೇ, ನೀವಿದ್ದಾಗ ನಾನೇನ್ರಿ." ಕೊನೆಗೆ ನಾನು ಗಿಟಾರಿನಲ್ಲಿ ಒಂದು ಸುತ್ತು ನುಡಿಸುತ್ತಿದ್ದೆ, ಕಾಕಾ "ಹಾಡವಾ ತಂಗೀ" ಎನ್ನುತ್ತಿದ್ದರು, ಅಕ್ಕ ಹಾಡುತ್ತಿದ್ದರು. ಯಾರಾದರೂ ಹೇಳದೆ ಅವರು ಬಾಯಿ ತೆರೆಯುತ್ತಿರಲಿಲ್ಲ. ಆರ್ಕೆಸ್ಟ್ರಾದಲ್ಲಿ ಮಾಲೀಕರ ಸನ್ನೆಗೆ ಕಾದು ಕಾದು ಬಂದ ರೂಢಿ ಅದು.

ರಾಣೆಬೆನ್ನೂರಿನ ಕಲ್ಯಾಣ ಮಂಟಪದಲ್ಲಿ ಬೀಜದ ವ್ಯಾಪಾರಿಗಳ ಸ್ನೇಹಕೂಟವಿತ್ತು. ಊಟದ ನಂತರ ನಮ್ಮ ಹಾಡು. ಮೈಕು, ಸ್ಪೀಕರು ಹಾಕಿದ್ದು ಅಕ್ಕನ ಹಳೆಯ ಮಾಲೀಕರು. ಮುಂದಿನ ಸಾಲಿನಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಅಕ್ಕ ನನ್ನ ಕಿವಿಯ ಹತ್ತಿರ ಬಂದು, "ತಮ್ಮಾ, ಇವತ್ತ ಅವ್ರ ಮುಂದ ಅಂಜಿ ನಿಂತ್ನೆಂದ್ರ ಇನ್ನೊಮ್ಮೆ ಮೈಕ್ ಮುಟ್ಟಂಗಿಲ್ಲ," ಎಂದರು.

ಗಿಟಾರು ಶುರು ಮಾಡಿದೆ. ಒಂದು ಸುತ್ತು ಮುಗಿಯಿತು. ಕಾಕಾ ಸುಮ್ಮನಿದ್ದರು. ಅಷ್ಟು ಮಂದಿಯ ಎದುರು ಹೆಣ್ಣುಮಗಳಿಗೆ "ಹಾಡವಾ" ಅನ್ನುವುದು ಚೆಂದವಲ್ಲ, ಗಿಟಾರಿನವನೇ ಹೇಳಲಿ ಎಂದುಕೊಂಡಿದ್ದರಂತೆ. ಕಾಕಾ ಇರುವಾಗ ನಾನು ಹೇಳಿದರೆ ಅಧಿಕಪ್ರಸಂಗವಾದೀತು ಎಂದು ನಾನು. ಯಾರಾದರೂ ಹೇಳಲಿ ಎಂದು ಅಕ್ಕ. ಎರಡು ಸುತ್ತಾಯಿತು, ಐದಾಯಿತು. ಮುಂದೆ ಕೂತ ಅಜ್ಜರೊಬ್ಬರು ಪಕ್ಕದವರನ್ನು, "ಈ ಹಾಡಿಗೆ ಮಾತಿಲ್ಲೇನು?" ಎಂದು ಕೇಳಿದರು. ಮಾಲೀಕರು ಮೀಸೆಯಲ್ಲೇ ನಗುತ್ತಿದ್ದರು. ಎಂಟನೆಯ ಸುತ್ತಿಗೆ ನನ್ನ ಬೆರಳು ಉರಿಯತೊಡಗಿದವು.

"ಹೇಳೋ," ಎಂದರು ಕಾಕಾ ಹಲ್ಲು ಕಚ್ಚಿ.

"ನೀವ ಹೇಳ್ರಿ," ಎಂದೆ. ಎರಡೂ ಮಾತು ಮೈಕಿಗೆ ಬಿದ್ದವು. ಮಂಟಪಕ್ಕೆ ಮಂಟಪವೇ ನಕ್ಕಿತು.

ಅಕ್ಕ ತಿರುಗಿ ನಮ್ಮಿಬ್ಬರನ್ನೂ ನೋಡಿದರು. ಅವರಿಗೂ ನಗು ಬಂತು. "ಇಬ್ರೂ ಹೇಳೂದ ಬ್ಯಾಡ್ರಿ," ಎಂದು ಮೈಕಿನಲ್ಲೇ ಹೇಳಿ ಹಾಡತೊಡಗಿದರು.

ಮೊದಲ ಸಾಲಿನಲ್ಲಿ "ಘಾಟು" ಎಂಬಲ್ಲಿ ದನಿ ಒಡೆಯಿತು. ಸಭೆಯ ನಗು ನಿಂತಿತು. ಮುಗಿಯಿತು ಎಂದುಕೊಂಡೆ. ಆದರೆ ಅದೇ ಸಾಲನ್ನು ಮತ್ತೊಮ್ಮೆ ಹಾಡಬೇಕಲ್ಲ. ಅಕ್ಕ ಮತ್ತೆ ಹಾಡಿದರು, ಅದೇ ಜಾಗದಲ್ಲಿ ದನಿಯನ್ನು ತಾವಾಗಿಯೇ ಒಡೆದರು, ಒಡೆದ ದನಿಯನ್ನು ಎಳೆದು ಹಿಡಿದುಕೊಂಡು ನಿಂತರು. ಮೂರನೆಯ ಸಾಲನ್ನು ನೇರ ಮುಂದೆ ಕೂತ ಮಾಲೀಕರನ್ನೇ ನೋಡಿ ಹಾಡಿದರು. ನನ್ನ ಕಣ್ಣು ತುಂಬಿ ಎರಡು ಕಡೆ ತಂತಿ ತಪ್ಪಿಸಿದೆ. ಇಪ್ಪತ್ತು ವರ್ಷದಲ್ಲಿ ತಪ್ಪು ನುಡಿಸಿ ಇಷ್ಟು ಖುಷಿಪಟ್ಟಿದ್ದು ಅದೊಂದೇ ದಿನ.

ಕೆಳಗಿಳಿದಾಗ ಮಾಲೀಕರು ಬಂದರು. "ಅಕ್ಕಾರ, ಮತ್ತ ನಮ್ಮ ಕಡೆ ಬರ್ರಿ. ಹಳೇ ಹಾಡನ್ನ ಸ್ವಲ್ಪ ಕೆಳಗಿನ ಶ್ರುತಿಯೊಳಗ ಹಾಡಿದ್ರಾತು."

"ಆವಾಗ ಒಂದ ಫೋನ್ ಮಾಡಿದ್ರ ಓಡಿ ಬರ್ತಿದ್ನಿರಿ," ಎಂದರು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ನಮ್ಮ ಕಡೆ ತಿರುಗಿದರು.

"ರವಿವಾರ ಎರಡಕ್ಕ ಬರ್ರಿ. ನಾ ಸುರು ಮಾಡಿರ್ತೀನಿ."