ಎಂಟು ಕಲ್ಲುಮೆಟ್ಟಿಲು, ಮೂರೆಳೆ ವಿಭೂತಿ

ನನ್ನ ಬಲಗಾಲಿನಲ್ಲಿ, ಪಾದಕ್ಕಿಂತ ಒಂದು ಗೇಣು ಮೇಲೆ, ಐದು ಚುಕ್ಕೆಗಳಿವೆ. ರಂಗೋಲಿಗೆಂದು ಚುಕ್ಕೆ ಇಟ್ಟು ಗೆರೆ ಎಳೆಯುವುದನ್ನು ಮರೆತಂತೆ ಒಂದೇ ಸಾಲಿನಲ್ಲಿವೆ. ಕಾಲು ಜಾರದಿರಲೆಂದು ಸೈಕಲ್ಲಿನ ಪೆಡಲಿಗೆ ಇರುವ ಸಣ್ಣ ಮೊಳೆಗಳು ಮೂಡಿಸಿದ ಗುರುತು ಅವು. ಮದುವೆಮನೆಗಳಲ್ಲಿ ಯಾರಾದರೂ ನೋಡಿ ಏನಾಯಿತೆಂದು ಕೇಳಿದರೆ, ಸೀರೆಯ ನೆರಿಗೆಯನ್ನು ಇನ್ನೂ ನಾಲ್ಕು ಬೆರಳು ಮೇಲೆತ್ತಿಯೇ ಹೇಳುತ್ತೇನೆ.

ಸೈಕಲ್ ತಂದದ್ದು ಮಗಳಿಗೆ. ದಪ್ಪ ಟೈರು, ಮುಂದಿನ ಕಾಲುಗಳಲ್ಲಿ ಸ್ಪ್ರಿಂಗು, ಚಕ್ರದ ನಡುವೆ ತೂತುತೂತಿನ ಉಕ್ಕಿನ ತಟ್ಟೆಯಂಥ ಬ್ರೇಕು. ಒಂಬತ್ತನೆಯ ಕ್ಲಾಸಿನಲ್ಲಿ ಹಟ ಹಿಡಿದು ತರಿಸಿಕೊಂಡವಳಿಗೆ ಕಾಲೇಜು ಸೇರಿದ ಮೇಲೆ ಗೆಳತಿಯ ಸ್ಕೂಟರಿನ ಹಿಂದಿನ ಸೀಟೇ ಹೆಚ್ಚು ಇಷ್ಟವಾಯಿತು. ಸೈಕಲ್ ಮಾಳಿಗೆಯ ಮೆಟ್ಟಿಲ ಕೆಳಗೆ ಜೋಳದ ಚೀಲಗಳ ಪಕ್ಕ ನಿಂತಿತು. ವಾರಕ್ಕೊಮ್ಮೆ ನಾನು ಧೂಳು ಒರೆಸುತ್ತಿದ್ದೆ. ಹೀಗೆ ಒರೆಸುತ್ತ ಒಂದು ಮುಂಜಾನೆ ಹೊರಗೆ ತೆಗೆದೆ.

ನಮ್ಮ ಶಿಗ್ಗಾಂವದಿಂದ ದುಂಡಸಿಯ ಕಡೆ ಹೋಗುವಾಗ ಒಂದು ಕಲ್ಲುಗುಡ್ಡವನ್ನು ಬೇಲಿ ಹಾಕಿ ಉದ್ಯಾನ ಮಾಡಿದ್ದಾರೆ. ಮಕ್ಕಳ ಜೋಕಾಲಿಗಳ ಹಿಂದೆ ಸಿಮೆಂಟಿನ ಹಾಸು ಮುಗಿಯುತ್ತದೆ. ಅಲ್ಲಿಂದ ಮುಂದೆ ಒಬ್ಬರೇ ಸಾಗಬಹುದಾದ ಕಾಲುದಾರಿ. ಸೀತಾಫಲದ ಪೊದೆಗಳ ನಡುವೆ ಹತ್ತಿ, ಬಂಡೆಗಳ ಬೆನ್ನ ಮೇಲೆ ಹಾಯ್ದು, ಗುಡ್ಡದ ಆಚೆ ಬದಿಗೆ ಎಂಟು ಕಲ್ಲುಮೆಟ್ಟಿಲಾಗಿ ಇಳಿಯುತ್ತದೆ. ಮೆಟ್ಟಿಲು ಯಾರೂ ಕಟ್ಟಿದ್ದಲ್ಲ, ಬಂಡೆ ತಾನಾಗಿಯೇ ಒಡೆದು ಹಾಗಾದದ್ದು. ಭಾನುವಾರ ಹುಬ್ಬಳ್ಳಿ ಕಡೆಯ ಹುಡುಗರು ಹೆಲ್ಮೆಟ್ಟು ಹಾಕಿಕೊಂಡು ಬಂದು ಅದರ ಮೇಲೆ ಸೈಕಲ್ ಇಳಿಸುತ್ತಾರೆ. ಅವರನ್ನು ನೋಡಿದ ದಿನವೇ ನನಗೊಂದು ಆಸೆ ಹುಟ್ಟಿತು. ಒಮ್ಮೆಯಾದರೂ ಆ ಎಂಟನ್ನೂ ನೆಲಕ್ಕೆ ಕಾಲು ಊರದೆ ಇಳಿಯಬೇಕು.

ನಾನು ಸೈಕಲ್ ಕಲಿತದ್ದು ತವರೂರು ಹಾನಗಲ್ಲಿನಲ್ಲಿ, ಕಾನ್ವೆಂಟಿನ ಅಂಗಳದಲ್ಲಿ. ಬೆನ್ನು ನೇರ ಇರಲಿ, ಮೊಣಕಾಲು ಕೂಡಿರಲಿ, ಕಣ್ಣು ಕೆಳಗಿರಲಿ ಎಂದು ಸಿಸ್ಟರ್ ಕಲಿಸಿದ್ದರು. ಕಲ್ಲಿನ ಮೇಲೆ ಆ ಮೂರೂ ತಪ್ಪು. ಸೀಟಿನಿಂದ ಎದ್ದು ಸೊಂಟವನ್ನು ಹಿಂದಕ್ಕೆ ಒಯ್ಯಬೇಕು, ಮೊಣಕಾಲು ಅಗಲಿಸಬೇಕು, ಎದುರಿನ ಕಲ್ಲನ್ನು ಬಿಟ್ಟು ಅದರಾಚೆಯ ಕಲ್ಲನ್ನು ನೋಡಬೇಕು. ಮಗಳು ಮೊಬೈಲಿನಲ್ಲಿ ತೋರಿಸಿಕೊಟ್ಟಳು. ಚೂಡಿದಾರದ ಕಾಲಿಗೆ ಕೂದಲ ರಬ್ಬರು ಸುತ್ತಿಕೊಂಡು, ಅವಳ ಹೆಲ್ಮೆಟ್ಟಿನ ಬೆಲ್ಟನ್ನು ಎರಡು ಮನೆ ಸಡಿಲಿಸಿ, ನಲವತ್ತಮೂರನೆಯ ವಯಸ್ಸಿನಲ್ಲಿ ಮೂವತ್ತು ವರ್ಷದ ರೂಢಿಯನ್ನು ಬಿಚ್ಚಲು ಕೂತೆ.

ಅತ್ತೆಗೆ ಇದು ಸರಿಬರಲಿಲ್ಲ. ಯಾರಾದರೂ ಕೇಳಿದರೆ ಸೊಸೆ ವಾಕಿಂಗಿಗೆ ಹೋಗಿದ್ದಾಳೆ ಎನ್ನುತ್ತಿದ್ದರು. ನನ್ನೆದುರಿಗೆ ಮಾತ್ರ ಮುಚ್ಚುಮರೆ ಇರಲಿಲ್ಲ.

“ಯಾಕವಾ, ಊರಾಗ ಡಾಂಬರ ರಸ್ತೆ ಮುಗದಾವೇನು, ಕಲ್ಲಾಗ ಹೊಕ್ಕೀ?” ಎಂದರು ಒಂದು ದಿನ. “ಕೈ ಮುರ್ಕೊಂಡು ಬಂದ್ರ ಇಷ್ಟು ಮಂದಿಗೆ ರೊಟ್ಟಿ ಬಡಿಯಾಕ ನನ್ನ ಕೈಲೆ ಆಗಂಗಿಲ್ಲ ನೋಡು.”

ಅಂದಿನಿಂದ ಹೊರಡುವ ಮುಂಚೆ ರೊಟ್ಟಿ ಬಡಿದು ಬುಟ್ಟಿ ತುಂಬಿಸಿಟ್ಟೇ ಹೋಗುತ್ತಿದ್ದೆ, ಆ ಮಾತಿಗೆ ಎಡೆ ಇರಬಾರದೆಂದು.

ಮಳೆಗಾಲ ಕಳೆಯುವಷ್ಟರಲ್ಲಿ ಐದು ಮೆಟ್ಟಿಲು ಕೈವಶವಾದವು. ಮೂರನೆಯದರ ಮೇಲೆ ಹಸಿರು ಪಾಚಿಯ ರೂಪಾಯಿಯಗಲದ ಮಚ್ಚೆಗಳು, ನಾಲ್ಕನೆಯದರಲ್ಲಿ ಅಡ್ಡಲಾಗಿ ಬೆಣಚುಕಲ್ಲಿನ ಬಿಳಿ ಎಳೆ, ಐದನೆಯದರ ಬಿರುಕಿನಲ್ಲಿ ಯಾವಾಗಲೂ ಒಂದು ಓತಿಕ್ಯಾತ. ಆರನೆಯದರಲ್ಲಿ ನಾನು ಪ್ರತಿಸಲವೂ ಕಾಲೂರುತ್ತಿದ್ದೆ. ಅಲ್ಲಿ ಎರಡು ಬಂಡೆಗಳ ನಡುವಿನ ಸಂದಿಯಲ್ಲಿ ಹ್ಯಾಂಡಲಿಗೆ ಆಚೀಚೆ ಎರಡೆರಡು ಬೆರಳಷ್ಟೇ ಜಾಗ. ಸಂದಿಯಲ್ಲಿ ಬ್ರೇಕು ಹಿಡಿದು ಇರುವೆಯಂತೆ ಸಾಗಬೇಕು. ದಾಟಿದೊಡನೆ ಬ್ರೇಕು ಬಿಟ್ಟು, ಮೊಣಕಾಲೆತ್ತರದ ಏಳನೆಯದನ್ನು ಧುಮುಕಬೇಕು. ಹಿಡಿಯುವುದು ಹೆಚ್ಚಾದರೆ ಮುಗ್ಗರಿಸುತ್ತೇವೆ, ಕಡಿಮೆಯಾದರೆ ಬಂಡೆಗೆ ಬಡಿಯುತ್ತೇವೆ. ಎಲ್ಲವೂ ಎರಡು ತೋರುಬೆರಳುಗಳಲ್ಲಿ.

ಹೀಗಿರುವಾಗ ದಸರೆಯ ಖಂಡೇಪೂಜೆ ಬಂತು. ಅಂದು ನಮ್ಮ ಮನೆಯಲ್ಲಿ ಕಬ್ಬಿಣವೆಲ್ಲ ಜಳಕ ಮಾಡುತ್ತದೆ. ನಮ್ಮ ಅಂಗಡಿಯ ತಕ್ಕಡಿ, ಈಳಿಗೆ, ಕುಡಗೋಲು, ನನ್ನ ಹೊಲಿಗೆ ಯಂತ್ರ, ಯಜಮಾನರ ಮೋಟರ್‌ಸೈಕಲ್. ಮೊದಲು ಕುಸುಬಿ ಎಣ್ಣೆ, ಅದರ ಮೇಲೆ ಮೂರು ಬೆರಳಿನ ವಿಭೂತಿ. ಎಣ್ಣೆ ಇದ್ದರೆ ವಿಭೂತಿ ಉದುರುವುದಿಲ್ಲ, ಕಬ್ಬಿಣಕ್ಕೆ ಜಂಗೂ ಹತ್ತುವುದಿಲ್ಲ ಎಂಬುದು ಅತ್ತೆಯ ಲೆಕ್ಕ. ನಾನು ಹೋಳಿಗೆಯ ಹೂರಣ ರುಬ್ಬಿ ಹೊರಗೆ ಬಂದಾಗ ಸೈಕಲ್ ಕೂಡ ಸಾಲಿನಲ್ಲಿ ನಿಂತಿತ್ತು. ಹ್ಯಾಂಡಲಿಗೆ ಚೆಂಡುಹೂವಿನ ಸರ ಕಟ್ಟಿತ್ತು. ನಾನು ಕಟ್ಟಿದ್ದಲ್ಲ. ಅತ್ತೆಯ ಬೆರಳುಗಳಿಗೆ ಚೆಂಡುಹೂವಿನ ಬಣ್ಣ ಹತ್ತಿತ್ತು. ಆ ಸೈಕಲ್ ನನ್ನದೆಂದು ಮನೆಯಲ್ಲಿ ಮೊದಲು ಒಪ್ಪಿದವರು ಅವರೇ.

ಮಾರನೆಯ ದಿನ ಬನ್ನಿ ಹಬ್ಬ ಮುಗಿಸಿ, ಅದರ ಮರುದಿನ ಗುಡ್ಡಕ್ಕೆ ಹೋದೆ. ಮೆಟ್ಟಿಲಿಗಿಂತ ಮುಂಚೆ ಒಂದು ಚಿಕ್ಕ ಇಳಿಜಾರಿದೆ. ಅಲ್ಲಿಯವರೆಗೆ ಏರುದಾರಿ, ಅಂದು ಬ್ರೇಕು ಹಿಡಿದದ್ದು ಅಲ್ಲಿಯೇ ಮೊದಲು. ನವಿಲು ಕೂಗಿದಂತೆ ಒಂದು ಸದ್ದು ಬಂತು, ಸೈಕಲ್ ಮಾತ್ರ ನಿಲ್ಲಲಿಲ್ಲ. ಮೆಟ್ಟಿಲ ತುದಿ ಕಾಣುತ್ತಿದ್ದಂತೆ ಪಕ್ಕದ ಲಂಟಾನ ಪೊದೆಗೆ ತಿರುಗಿಸಿ ಬಿದ್ದೆ. ಕಾಲಿನ ಚುಕ್ಕೆಗಳು ಅಂದು ಬಂದವು.

ರಕ್ತ ಒರೆಸಿಕೊಂಡು, ಸೈಕಲ್ ಮಗ್ಗುಲಲ್ಲಿ ಕೂತು ನೋಡಿದೆ. ಎರಡೂ ಚಕ್ರಗಳ ಬ್ರೇಕಿನ ತಟ್ಟೆ ಜಿಡ್ಡಿನಿಂದ ಮಿರುಗುತ್ತಿತ್ತು. ಅದರ ತೂತುಗಳಲ್ಲಿ ಬೂದುಬಣ್ಣದ ಹಿಟ್ಟು ಕೂತಿತ್ತು. ಒಂದು ಕಡೆ ಮೂರು ಗೆರೆ ಇನ್ನೂ ಅರ್ಧ ಉಳಿದಿದ್ದವು, ಮೂರನೆಯದು ಕೊಂಚ ಓರೆ. ಅತ್ತೆಯ ಉಂಗುರದ ಬೆರಳು ಹಿಂದೆಂದೋ ಬಾಗಿಲಿಗೆ ಸಿಕ್ಕು ಸೊಟ್ಟಗಾಗಿದೆ. ಅಂಗಡಿಯ ತಕ್ಕಡಿಯ ಮೇಲೂ ಮೂರನೆಯ ಗೆರೆ ಹೀಗೆಯೇ. ಇಡೀ ಸೈಕಲ್ಲಿನಲ್ಲಿ ಎಲ್ಲಕ್ಕಿಂತ ಹೊಳೆಯುವ ಜಾಗ ಹುಡುಕಿ ಹಚ್ಚಿದ್ದರು. ಎಣ್ಣೆ ತಾಕಲೇಬಾರದ ಜಾಗ ಅದೊಂದೇ.

ಮನೆಗೆ ಬಂದು ಮುಳ್ಳು ಗೀರಿತೆಂದು ಹೇಳಿದೆ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅವರು ಮೊದಲ ಬಾರಿ ಒಲಿದು ಮಾಡಿದ ಪೂಜೆಯೇ ನನ್ನನ್ನು ಕೆಡವಿತೆಂದು ಹೇಗೆ ಹೇಳುವುದು? ಹಿತ್ತಲಲ್ಲಿ ಪಾತ್ರೆ ತೊಳೆಯುವ ಸಾಬೂನಿನಿಂದ ತಟ್ಟೆ ತಿಕ್ಕಿದೆ, ಬಿಸಿನೀರು ಹಾಕಿದೆ. ಎರಡು ದಿನ ಕಳೆದರೂ ಬ್ರೇಕು ನವಿಲಿನಂತೆಯೇ ಕೂಗುತ್ತಿತ್ತು. ಮೂರನೆಯ ದಿನ ಮಗಳು ತಟ್ಟೆಯನ್ನು ಎರಡೂ ಕಡೆ ಅದುಮಿ ಹಿಡಿಯುವ ಬಿಲ್ಲೆಗಳನ್ನು ಬಿಚ್ಚಿ ಕಟ್ಟೆಯ ಮೇಲಿಟ್ಟಳು. ಕಚ್ಚಿಬಿಟ್ಟ ಬಿಸ್ಕಿಟ್ಟಿನಷ್ಟು ದೊಡ್ಡವು, ಎಣ್ಣೆ ಕುಡಿದು ಕಪ್ಪಾಗಿದ್ದವು. ಅಷ್ಟರಲ್ಲಿ ಅತ್ತೆ ಬಂದು ಅದೇನೆಂದು ಕೇಳಿದರು.

“ಆಯೀ, ನೀ ಹಚ್ಚಿದ ಎಣ್ಣಿನ ಇದು,” ಎಂದು ಅಜ್ಜಿಗೆ ಹೇಳಿಬಿಟ್ಟಳು ಮಗಳು. “ಮಮ್ಮಿ ಬಿದ್ದದ್ದು ಅದಕ್ಕ.”

ಅತ್ತೆ ನನ್ನ ಕಾಲು ನೋಡಿದರು. ಆಮೇಲೆ ಮುಖ.

“ಆವತ್ತ ಯಾಕ ಹೇಳಲಿಲ್ಲ?”

“ನೀವು ಅಷ್ಟು ಪ್ರೀತೀಲೆ ಹಚ್ಚೀರಿ, ಹೆಂಗ ಹೇಳ್ಲಿರಿ ಅತ್ತೀ?”

“ಪ್ರೀತೀಲೆ ಹಚ್ಚಿದ್ರೂ ನೀ ಬೀಳ್ತಿ ಅಂದ್ರ ಹೇಳಬೇಕವಾ.” ಅವರು ಒಂದು ಬಿಲ್ಲೆಯನ್ನು ಎತ್ತಿ ಮೂಸಿದರು. “ಎಣ್ಣಿ ಕುಡದ ರೊಟ್ಟಿ ಹಂಚು ತೊಳದ್ರ ಹಸನ ಆಗಂಗಿಲ್ಲ. ಸುಟ್ಟು ತಿಕ್ಕಬೇಕು.”

ಮಗಳು ಮೊಬೈಲಿನಲ್ಲಿ ಹುಡುಕಿದಳು. ಅಲ್ಲಿಯೂ ಅದೇ ಇತ್ತು. ಬಿಲ್ಲೆಗಳನ್ನು ಉರಿಯಲ್ಲಿ ಹಿಡಿ, ಮೇಲ್ಮೈಯನ್ನು ಮರಳುಕಾಗದದಿಂದ ಉಜ್ಜು, ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸು. ಅತ್ತೆ ಅದನ್ನು ಕೇಳಿಸಿಕೊಂಡರೂ ಕೇಳಿಸದವರಂತೆ ಇಕ್ಕಳ ತೆಗೆದುಕೊಂಡರು. ಒಂದೊಂದಾಗಿ ಗ್ಯಾಸಿನ ಉರಿಯ ಮೇಲೆ, ರೊಟ್ಟಿ ತಿರುವಿದಂತೆ ತಿರುವಿದರು. ಜಿಡ್ಡು ಹೊಗೆಯಾಗಿ ಹೋಯಿತು, ಅಡುಗೆಮನೆಯಲ್ಲಿ ಸೀದ ಕುಸುಬಿಯ ವಾಸನೆ ತುಂಬಿತು. ಆರಿದ ಮೇಲೆ ಅವರೇ ಕಟ್ಟೆಯ ಮೇಲೆ ಕೂತು ಮರಳುಕಾಗದದಿಂದ ಉಜ್ಜಿದರು. ನಾನು ಕೈಚಾಚಿದರೆ ಕೊಡಲಿಲ್ಲ. ನಾನು ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದೆ, ಮಗಳು ಜೋಡಿಸಿದಳು. ಹಾಗೆ ನಮ್ಮ ಮನೆಯ ಮೂರು ತಲೆಮಾರಿನ ಹೆಂಗಸರು ಒಂದು ಸೈಕಲ್ಲಿನ ಬ್ರೇಕು ರಿಪೇರಿ ಮಾಡಿದೆವು.

ಭಾನುವಾರ ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು, ಮಗನ ಮೋಟರ್‌ಸೈಕಲ್ಲಿನ ಹಿಂದೆ ಕೂತು ಗುಡ್ಡಕ್ಕೆ ಬಂದರು. ತಾವು ಉಜ್ಜಿದ್ದು ಹಿಡಿಯುತ್ತದೋ ಇಲ್ಲವೋ ನೋಡಬೇಕಂತೆ. ಮೆಟ್ಟಿಲುಗಳು ಮುಗಿಯುವಲ್ಲಿ ಬೇವಿನ ಮರದ ಕೆಳಗೆ ಸೆರಗು ಹೊದ್ದು ಕೂತರು. ನಾನು ಮೊದಲು ಕೆಳಗಿನ ಸಿಮೆಂಟಿನ ಹಾಸಿನ ಮೇಲೆ ಇಪ್ಪತ್ತು ಸಲ ಓಡಿಸಿ ಹಿಡಿದು ನೋಡಿದೆ. ಮೊದಲ ಐದಾರು ಸಲ ಗೊಣಗಿತು, ಆಮೇಲೆ ದನಿ ಅಡಗಿ ಗಟ್ಟಿಯಾಗಿ ಕಚ್ಚತೊಡಗಿತು. ಗುಡ್ಡ ಹತ್ತಿದೆ.

ಒಂದು, ಎರಡು. ಪಾಚಿಯ ಮಚ್ಚೆ ತಪ್ಪಿಸಿ ಮೂರು. ಬಿಳಿ ಎಳೆ ದಾಟಿ ನಾಲ್ಕು. ಓತಿಕ್ಯಾತ ಬಿರುಕಿನೊಳಗೆ ಸರಿಯಿತು, ಐದು. ಸಂದಿ ಬಂತು. ಬಂಡೆಯನ್ನು ನೋಡದೆ ಅದರಾಚೆಗೆ ನೋಡಿದೆ. ಅಲ್ಲಿ ಅತ್ತೆಯ ಸೆರಗಿನ ಕೆಂಪಿತ್ತು. ಎರಡು ಬೆರಳು ಮೆಲ್ಲಗೆ ಮಡಚಿದೆ. ಸೈಕಲ್ ನಿಂತಂತೆ ನಿಧಾನವಾಯಿತು, ಆದರೂ ನಿಲ್ಲಲಿಲ್ಲ. ಎಡಗೈಯ ಕಿರುಬೆರಳು ಕಲ್ಲನ್ನು ಸವರಿತು. ಕಾಲು ತಾನಾಗಿಯೇ ಪೆಡಲಿನಿಂದ ಏಳಲು ಹೊರಟಿತು, ಹಿಮ್ಮಡಿ ಒತ್ತಿ ಹಿಡಿದೆ. ಬೆರಳು ಬಿಟ್ಟೆ. ಏಳನೆಯದರಿಂದ ಧಡ್ಡನೆ ಬಿದ್ದ ಮುಂದಿನ ಚಕ್ರ ಸ್ಪ್ರಿಂಗಿನಲ್ಲಿ ಕುಸಿದು ಎದ್ದಿತು. ಎಂಟು ಯಾವಾಗ ಬಂತೋ ತಿಳಿಯಲಿಲ್ಲ. ಮರಳಿನ ಮೇಲೆ ಬೇವಿನ ಮರ ಸುತ್ತಿ ನಿಂತಾಗಲೇ ನನ್ನ ಕಾಲು ನೆಲ ಮುಟ್ಟಿದ್ದು.

ಮೇಲೆ ಸರದಿ ಕಾಯುತ್ತಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಯಜಮಾನರು ಮೊಬೈಲ್ ಹಿಡಿದಿದ್ದರೂ ಗುಂಡಿ ಒತ್ತಲು ಮರೆತಿದ್ದರು. ಅತ್ತೆ ಎದ್ದು ಬಂದರು. ನನ್ನ ಕಡೆ ನೋಡದೆ ಬಗ್ಗಿ, ರೊಟ್ಟಿಯ ಹಂಚು ನೋಡುವ ಹಾಗೆ ಬೆರಳ ತುದಿಯನ್ನು ಬ್ರೇಕಿನ ತಟ್ಟೆಗೆ ತಾಕಿಸಿ, ಚಟ್ಟನೆ ಹಿಂದೆಗೆದರು.

“ಕಾದೈತಿ,” ಎಂದರು. “ಹಿಡದೈತಿ ಹಂಗಾರ.” ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, “ಬರೋ ವರ್ಷ ವಿಭೂತಿ ಎಲ್ಲಿ ಹಚ್ಚಬೇಕು, ಈಗ ತೋರಸು,” ಎಂದರು. ನಾನು ಹ್ಯಾಂಡಲ್ ತೋರಿಸಿದೆ.

ಮನೆಗೆ ಬಂದು ಗೇಟು ತೆಗೆಯುತ್ತಿರುವಾಗ ಎದುರುಮನೆಯವರು ಹೊಸ್ತಿಲಲ್ಲಿ ಕೂತು ಮೆಂತ್ಯೆ ಸೋಸುತ್ತಿದ್ದರು. ವಾಕಿಂಗ್ ಮುಗೀತೇನ್ರಿ ಎಂದು ಕೇಳಿದರು. ಅತ್ತೆ ಮೋಟರ್‌ಸೈಕಲ್ಲಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ನಡುಬೀದಿಯಲ್ಲಿ ನಿಂತರು.

“ಎಲ್ಲೀ ವಾಕಿಂಗ್ರೀ? ನಮ್ಮ ಸೊಸಿ ಗುಡ್ಡದ ಮ್ಯಾಲಿಂದ ಸೈಕಲ್ ಇಳಿಸ್ಕೊಂಡ ಬಂದ್ಲು. ಹನ್ನೆರಡು ಮೆಟ್ಟಲಾ. ನೆಲಕ್ಕ ಕಾಲ ಹಚ್ಚಲಿಲ್ಲ.”

ಮೆಟ್ಟಿಲು ಇರುವುದು ಎಂಟೇ. ಕಾನ್ವೆಂಟಿನಲ್ಲಿ ಒಂದು ಅಂಕೆ ತಪ್ಪಿದರೂ ಎದ್ದು ನಿಂತು ತಿದ್ದುವುದನ್ನು ಕಲಿತವಳು ನಾನು. ಅಂದು ತಿದ್ದಲಿಲ್ಲ.