ಅರ್ಧ ಮೋಟಾರಿನ ಭಾವನವರು

ನಮ್ಮ ಭಾವನವರ ಹಣೆಯ ಮೂರು ಗೆರೆ ವಿಭೂತಿಯಲ್ಲಿ ನಡುವಿನದು ಯಾವತ್ತೂ ಒಂಚೂರು ಕಪ್ಪಗಿರುತ್ತಿತ್ತು. ಸೀಮೆಎಣ್ಣೆ ಹಚ್ಚಿ, ಬೂದಿ ಹಚ್ಚಿ ಎಷ್ಟು ತಿಕ್ಕಿದರೂ ನಡುಬೆರಳಿನ ಗೀರುಗಳಲ್ಲಿ ಕೂತ ಮೋಟಾರಿನ ಮಸಿ ಹೋಗುತ್ತಿರಲಿಲ್ಲ. ಆವತ್ತು ಮುಂಜಾನೆಯೂ ಹಾಗೇ. ಜಳಕ ಮಾಡಿದರು, ಲಿಂಗಪೂಜೆ ಮುಗಿಸಿದರು, ಪಡಸಾಲೆಗೆ ಬಂದು ಕೂತರು. ನಾನು ಅಡಿಗೆಮನೆಯ ಬಾಗಿಲ ಸಂದಿಯಿಂದ ಆ ಕಪ್ಪು ಗೆರೆ ನೋಡಿ, ಮತ್ತೆ ರೊಟ್ಟಿ ಬಡಿಯಲು ತಿರುಗಿದೆ.

ನೋಡುವುದೆಂದರೆ ಸಂದಿಯಿಂದಲೇ. ಗಂಡನ ಅಣ್ಣನ ಎದುರು ನಿಲ್ಲುವುದು, ಮಾತಾಡುವುದು ನಮ್ಮ ಮನೆತನದಲ್ಲಿ ಇರಲಿಲ್ಲ. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು, ಹುಕ್ಕೇರಿಯ ತವರಿನಿಂದ ಮೂಡಲಗಿಗೆ ಬಂದ ನನಗೆ ಅತ್ತೆ ಮೊದಲ ದಿನವೇ ಹೇಳಿದ್ದರು: "ದೊಡ್ಡಾಂವ ಒಳಗ ಬಂದ್ರ ಸೆರಗ ಮುಂದ ಎಳಕೋ. ಬಾಗಲ ಹಿಂದ ಸರದ ನಿಂದ್ರು." ಭಾವನವರ ಹೆಂಡತಿ ನಾನು ಬರುವ ಮುಂಚೆಯೇ ತೀರಿಕೊಂಡಿದ್ದರು. ಹಾಗಾಗಿ ನಮ್ಮ ನಡುವೆ ಮಾತು ದಾಟಿಸುವವರು ಯಾರೂ ಇರಲಿಲ್ಲ. ಕಡೆಗೆ ಅವರೇ ಒಂದು ಹಾದಿ ಹುಡುಕಿದರು. ಬಾಗಿಲ ಜೊತೆ ಮಾತಾಡತೊಡಗಿದರು.

"ಏ ಬಾಗಲಾ, ಇನ್ನೊಂದ ಕಪ್ ಚಾ ಐತೇನ?"

ನಾನು ಬಳೆ ಒಮ್ಮೆ ಆಡಿಸಿದರೆ ಹೌದು, ಎರಡು ಸಲ ಆಡಿಸಿದರೆ ಇಲ್ಲ. ಪಲ್ಯಕ್ಕೆ ಉಪ್ಪು ಮರೆತ ದಿನ, "ಬಾಗಲಾ, ಇವತ್ತ ಉಪ್ಪಿನ ಅಂಗಡಿ ಬಂದ್ ಇತ್ತೇನ?" ಎನ್ನುತ್ತಿದ್ದರು. ಗೋಕಾಕಕ್ಕೆ ಹೋಗಿ ಬಂದಾಗೆಲ್ಲ ಕಿಟಕಿಯ ಕಟ್ಟೆಯ ಮೇಲೆ ಕರದಂಟಿನ ಪೊಟ್ಟಣ ಇಟ್ಟು, "ಬಾಗಲದ ಹಲ್ಲ ಗಟ್ಟಿ ಅದಾವ, ತಿನ್ಲಿ" ಎಂದು ಗಾಳಿಗೆ ಹೇಳಿ ಹೊರಟುಬಿಡುತ್ತಿದ್ದರು.

ಸ್ವಾತಂತ್ರ್ಯ ಬಂದ ವರುಷ, ದೇಶ ಬಿಟ್ಟು ಹೊರಟ ಸಾಹೇಬನೊಬ್ಬನ ಹಳೇ ಮೋಟಾರನ್ನು ಅವರು ಕೊಂಡಿದ್ದರಂತೆ. ಹಿಂದಿನ ಅರ್ಧ ಕೊಯ್ಯಿಸಿ ತೆಗೆದು, ಬಡಿಗೇರನಿಂದ ಕಟ್ಟಿಗೆಯ ಪೆಟ್ಟಿಗೆ ಕೂರಿಸಿ, ಬೆಲ್ಲದ ಪೆಂಟಿ ಹೇರುವ ಗಾಡಿ ಮಾಡಿಕೊಂಡರು. ಊರಲ್ಲಿ ಅದಕ್ಕೆ ಅರ್ಧ ಮೋಟಾರು ಎಂದೇ ಹೆಸರು. "ಮುಂದ ಸಾಹೇಬ, ಹಿಂದ ಎತ್ತಿನ ಬಂಡಿ" ಎಂದು ಯಾರಾದರೂ ನಕ್ಕರೆ, "ನಿಮ್ಮಂಥಾ ಎತ್ತ ಹತ್ತತಾವಲ್ಲ, ಅದಕ್ಕ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಮೋಟಾರಿನ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಚಿತ್ರ ನೋಡಿ ಬೇಕಾದ ಪುಟದಲ್ಲಿ ಬೇವಿನ ಎಲೆ ಇಟ್ಟು ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದರು. ನಾನು ಓದಿ, ಕಿವಿ ಮಂದವಾಗಿದ್ದ ಅತ್ತೆಗೆ ಹೇಳುವವಳ ಹಾಗೆ ಗಟ್ಟಿಯಾಗಿ ಕನ್ನಡದಲ್ಲಿ ಹೇಳಬೇಕು. ಪಡಸಾಲೆಯಲ್ಲಿ ಅವರು ಕೇಳಿಸಿಕೊಳ್ಳಬೇಕು. ಒಂದು ಸಲ ಹೀಗೇ ಓದಿ ಹೇಳಿದೆ.

"ಅತ್ತೀ, ಕಿಡಿ ಹುಟ್ಟಸೂ ಕಾಯಿಲ್ ಕೆಟ್ಟರ ಕಿಡಿ ನೀಲಿ ಬರೂದಿಲ್ಲಂತ್ರಿ, ಹಳದಿ ಬರ್ತೈತಂತ್ರಿ."

"ಬರ್ಲಿ ತಗೋವಾ," ಎಂದರು ಅತ್ತೆ, ಮೆಂತ್ಯದ ಸೊಪ್ಪು ಸೋಸುತ್ತ. "ಯಾರ ಬಂದ್ರೂ ಉಂಡ ಹೋಗ್ಲಿ."

ಪಡಸಾಲೆಯಲ್ಲಿ ಭಾವನವರು ನಗು ತಡೆಯಲಾರದೆ ಕೆಮ್ಮಿದರು. ಒಳಗೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದೆ.

ಆವತ್ತು ಮುಂಜಾನೆ ಅವರು ರೊಟ್ಟಿ ಅರ್ಧಕ್ಕೇ ಬಿಟ್ಟರು. ಗಂಗಾಳ ಸರಿಸಿದ ಸಪ್ಪಳ ಕೇಳಿತು.

"ಬಾಗಲಾ... ಎದಿ ಹಿಡದೈತಿ. ಗೋಕಾಕ ದವಾಖಾನಿಗೆ ಹೋಗಬೇಕು."

ಆ ದನಿ ಅವರದೆನ್ನಿಸಲಿಲ್ಲ. ನನ್ನ ಯಜಮಾನರು ಹುಕ್ಕೇರಿಗೆ ಹೋಗಿದ್ದರು. ಬಸ್ಸು ಬರುವುದು ಮಧ್ಯಾಹ್ನ. ಓಣಿಯಲ್ಲಿ ಮೋಟಾರು ನಡೆಸಲು ಬರುತ್ತಿದ್ದುದು ಭಾವನವರೊಬ್ಬರಿಗೇ. ಅತ್ತೆ ನನ್ನ ಬೆನ್ನಿಗೆ ಕೈ ಹಚ್ಚಿ ಹೊರಗೆ ದೂಡಿದರು. "ನೀ ಹೋಗವಾ. ಸಾಲಿ ಕಲ್ತಾಕಿ, ಡಾಕ್ಟರ ಮುಂದ ಮಾತಾಡಾಕ ಬರ್ತೈತಿ."

ಭಾವನವರು ಮುಂದೆ, ನಾನು ಹಿಂದಿನ ಪೆಟ್ಟಿಗೆಯಲ್ಲಿ, ಕಣ್ಣಿನ ತನಕ ಸೆರಗೆಳೆದು. ಬಾಜೂ ಮನೆಯ ಹೆಂಗಸು, ನಾವು ಕಾಕು ಎನ್ನುವವರು, ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದರು.

ಮಸಗುಪ್ಪಿ ದಾಟಿ ಕಾಲುವೆಯ ಬದಿಗೆ ಬಂದಾಗ ಗಾಡಿ ಎರಡು ಸಲ ಮುಗ್ಗರಿಸಿ ನಿಂತುಬಿಟ್ಟಿತು. ಸ್ಟಾರ್ಟರ್ ತಿರುಗುತ್ತಿತ್ತು, ಎಂಜಿನ್ ಹತ್ತುತ್ತಿರಲಿಲ್ಲ. ಅವರು ಇಳಿಯಲು ಒಂದು ಕಾಲು ಹೊರಗಿಟ್ಟರು. ಎದೆ ಹಿಡಿದುಕೊಂಡು ಮತ್ತೆ ಕೂತರು. ಹಾದಿಯಲ್ಲಿ ನರಪಿಳ್ಳೆ ಇರಲಿಲ್ಲ. ನಮ್ಮ ಅಡಿಗೆಮನೆಯ ಬಾಗಿಲೂ ಅಲ್ಲಿರಲಿಲ್ಲ.

"ತಂಗೀ," ಎಂದರು. ನಾನು ಆ ಮನೆಗೆ ಬಂದು ಆರು ವರುಷವಾಗಿತ್ತು. "ಇಳದ ಬಾ. ಬಾನೆಟ್ ಎತ್ತು."

ಎತ್ತಿದೆ.

"ನಡುವಿನ ದಪ್ಪ ವೈರ್ ಕೀಳು. ರಬ್ಬರ ಮ್ಯಾಲ ಹಿಡದು, ತುದಿ ಕಬ್ಬಿಣದ ಹತ್ರ ತಾ. ತಾಗಸಬ್ಯಾಡ." ಅವರು ಸ್ಟಾರ್ಟರ್ ಒತ್ತಿದರು. "ಕಿಡಿ ಬಂತೇನ?"

ರೂಢಿಯಂತೆ ನನ್ನ ಇನ್ನೊಂದು ಕೈಯ ಬಳೆ ಒಮ್ಮೆ ಸಪ್ಪಳ ಮಾಡಿತು.

"ಬಳಿ ಬ್ಯಾಡ ತಂಗಿ, ಬಾಯಿಲೆ ಹೇಳು. ಬಣ್ಣ ಏನೈತಿ?"

"ಹಳದಿ ಐತ್ರಿ, ಭಾವನವರ. ಭಾಳ ಸಣ್ಣದೈತ್ರಿ."

ಮುಖವೆಲ್ಲ ಬೆವರಾಗಿತ್ತು. ಆದರೂ ತುಟಿಯ ಒಂದು ಬದಿ ನಕ್ಕಿತು. "ಹಂಗಾರ ಉಂಡ ಹೋಗ್ಲಿ."

ಬಾಜೂಕ್ಕೆ ಕೊಳವೆಯಂಥ ಕರೀ ಡಬ್ಬಿಯೊಂದಿತ್ತು. ಅದನ್ನು ಮುಟ್ಟಲು ಹೇಳಿದರು. ಕೈ ಸುಟ್ಟಿತು. ಡಾಂಬರು ಕಾಸಿದಂಥ ವಾಸನೆ. ಅಂಚಿನಿಂದ ಎಣ್ಣೆ ಜಿನುಗಿತ್ತು.

"ಕಾಯಿಲ್ ಸುಟ್ಟೈತಿ," ಎಂದರು, ಉಸಿರಿನ ನಡುನಡುವೆ. "ಇದು ಆರ ವೋಲ್ಟಿನ ಗಾಡಿ. ದೀಪ ಮಂದ ಅಂತ ಮೊನ್ನೆ ಲಾರಿದ ಹನ್ನೆರಡರ ಬ್ಯಾಟರಿ ಕುಂದ್ರಿಸಿದ್ನಿ. ಕಾಯಿಲ್ ಹಳೇದ ಉಳೀತು. ಊರಾಗ ಓಡಿತು, ದೂರದ ಹಾದಿಗೆ ತಡೀಲಿಲ್ಲ. ತಂಪ ಮಾಡಿದ್ರ ಇನ್ನೊಂದೀಟ ನಡೀತೈತಿ. ಹಸಿ ಅರಬಿ ಸುತ್ತು. ಮ್ಯಾಲಿನ ತುದಿಗೆ ಮಾತ್ರ ನೀರ ಹತ್ತಬಾರ್ದು."

ಅವಸರದಲ್ಲಿ ಹೆಗಲ ಮೇಲಿನ ವಸ್ತ್ರ ಮನೆಯಲ್ಲೇ ಮರೆತು ಬಂದಿದ್ದರು. ನನ್ನ ಬಳಿ ಇದ್ದ ಅರಿವೆ ಸೆರಗೊಂದೇ. ತಲೆಯಿಂದ ಜಾರಿಸಿ, ಅಂಚನ್ನು ಹಲ್ಲಿನಿಂದ ಕಚ್ಚಿ ಹರಿದೆ. ಕಾಲುವೆಗೆ ಓಡಿ ತೋಯಿಸಿ ತಂದೆ. ಬರಿದಲೆಯಲ್ಲಿ ಎದುರು ನಿಂತಾಗ, ಆ ಸಂಕಟದಲ್ಲೂ ಅವರು ಮುಖವನ್ನು ಕಬ್ಬಿನ ಹೊಲದ ಕಡೆ ತಿರುಗಿಸಿದರು.

ಅರಿವೆಯಿಂದ ಹಬೆ ಎದ್ದಿತು. ಇನ್ನೊಮ್ಮೆ ತೋಯಿಸಿದೆ. ಸ್ವಲ್ಪ ಹೊತ್ತಿಗೆ ಎಂಜಿನ್ ಹತ್ತಿತು. ನಾನು ಹಿಂದಿನ ಪೆಟ್ಟಿಗೆಯ ಕಡೆ ನಡೆದೆ.

"ಮುಂದ ಕುಂದ್ರು," ಎಂದರು. "ಮಾತಾಡಕೋತ ಇರು. ನಾ ಎಚ್ಚರ ಇರಬೇಕು."

ಏನು ಮಾತಾಡಲಿ? ಕಾನ್ವೆಂಟಿನ ಸಿಸ್ಟರು ಉಗುರು ನೋಡಿ ಸ್ಕೇಲಿನಿಂದ ಹೊಡೆಯುತ್ತಿದ್ದುದನ್ನು ಹೇಳಿದೆ. ಹುಕ್ಕೇರಿಯ ನಮ್ಮ ಮನೆಯ ಪೇರಲ ಗಿಡದ ಸುದ್ದಿ ಹೇಳಿದೆ. ಮೊದಲ ವರುಷ ಅಡಿಗೆಮನೆಯ ಹೊಗೆಯ ನೆವ ಮಾಡಿ ಅಳುತ್ತಿದ್ದುದನ್ನೂ ಹೇಳಿದೆ. ಅದನ್ನು ನನ್ನ ಯಜಮಾನರಿಗೂ ಹೇಳಿದವಳಲ್ಲ.

"ಗೊತ್ತಿತ್ತು," ಎಂದರು. "ಅದಕ್ಕ ಕರದಂಟ ತರತಿದ್ನಿ." ಸ್ವಲ್ಪ ಹಾದಿ ಹೋದ ಮೇಲೆ, "ಆ ಪಲ್ಯಾ ಉಪ್ಪಿಲ್ಲದ್ದ ಮಾಡಿದ್ದು ಬೇಕಂತನೇನ?"

"ಒಮ್ಮೆ ಹೌದ್ರಿ. ಸಿಟ್ಟ ಬಂದಿತ್ರಿ."

"ಅಂದ್ಕೊಂಡಿದ್ನಿ."

ಗಾಡಿ ಮತ್ತೆ ಮತ್ತೆ ನಿಂತಿತು. ನಾನು ಇಳಿಯುವುದು, ನೀರಿಗೆ ಓಡುವುದು, ಅರಿವೆ ಸುತ್ತುವುದು. ಒಂದೊಂದು ಸಲ ಬಂದಾಗಲೂ ಅವರ ತುಟಿ ಇನ್ನಷ್ಟು ಬಿಳಿಚಿಕೊಂಡಿರುತ್ತಿತ್ತು. ಆದರೂ ದವಾಖಾನೆಯ ಗೇಟಿನ ತನಕ ಅವರೇ ನಡೆಸಿ ತಂದರು. ಬ್ರೇಕು ಒತ್ತಿದರು. ತಡವರಿಸಿ ಚಾವಿ ತಿರುವಿ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಸ್ವಿಚ್ ಬಂದ್ ಮಾಡಬೇಕು ತಂಗಿ. ಇಲ್ಲಾಂದ್ರ ಇದ್ದದ್ದೂ ಸುಡ್ತೈತಿ."

ಡಾಕ್ಟರ ಮುಂದೆ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ, ಬಾಯಿಗೆ ಬಂದಂತೆ ಎಲ್ಲ ಹೇಳಿದೆ. ಅವರು ನಾಡಿ ಹಿಡಿದರು, ಕಣ್ಣಿಗೆ ಬೆಳಕು ಹಿಡಿದು ನೋಡಿದರು. ಆಮೇಲೆ ನನಗೆ ಕೂತುಕೊಳ್ಳಲು ಹೇಳಿದರು.

ಸಂಜೆಗೆ ಬೆಲ್ಲದ ಲಾರಿಯೊಂದರಲ್ಲಿ ಅವರ ದೇಹವನ್ನು ಮನೆಗೆ ತಂದೆವು. ಯಜಮಾನರು ಬಂದಿದ್ದರು. ನಮ್ಮವರ ಪದ್ಧತಿಯಂತೆ ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದರು, ಹಾರ ಹಾಕಿದರು. ಜಂಗಮ ಅಯ್ಯನವರು ಹಣೆಗೆ ವಿಭೂತಿ ಹಚ್ಚಿದರು. ಮೂರು ಗೆರೆಯೂ ಒಂದೇ ಸಮ ಬೆಳ್ಳಗೆ. ಹಾಗೆ ಅವರನ್ನು ನಾನು ಎಂದೂ ನೋಡಿರಲಿಲ್ಲ.

ಹರಿದ ಸೆರಗನ್ನೇ ತಲೆಗೆ ಎಳೆದುಕೊಂಡು, ಚಾವಿ ಮುಷ್ಟಿಯಲ್ಲಿ ಹಿಡಿದು, ಅಡಿಗೆಮನೆಯ ಬಾಗಿಲ ಹಿಂದೆ ನಿಂತೆ. ಯಾರೋ ಒಬ್ಬಾಕೆ ನನ್ನ ಕಡೆ ನೀರಿನ ತಂಬಿಗೆ ತರುತ್ತಿದ್ದಳು. ಬಾಜೂ ಮನೆಯ ಕಾಕು ಅವಳನ್ನು ತಡೆದರು.

"ಮೊದಲ ಅವ್ವಗ ಕೊಡ್ರಿ, ಹೆತ್ತಾಕಿ. ಈಕಿಗೇನ ಅಷ್ಟ ಅನಸೂದಿಲ್ಲ ಬಿಡ್ರಿ. ಮನಿಗೆ ಬಂದಾಗಿಂದ ಇಬ್ಬರೂ ಒಂದ ಮಾತ ಆಡಿದವರಲ್ಲ."